ನಾಳೆ ಬಾ

ಮೂವತ್ತು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಸುತ್ತಲಿನ ಊರುಗಳಲ್ಲಿ ಮನೆಮನೆಯ ಬಾಗಿಲ ಮೇಲೆ ಎರಡೇ ಪದಗಳ ಬರಹವೊಂದು ಕಾಣಿಸಿಕೊಂಡಿತು: ‘ನಾಳೆ ಬಾ’. ಕೆಲವರು ಸುಣ್ಣದಲ್ಲಿ ಬರೆದರು, ಕೆಲವರು ಇದ್ದಿಲಿನಲ್ಲಿ. ಸೀಮೆಸುಣ್ಣ ಸಿಕ್ಕ ಮಕ್ಕಳು ಅಕ್ಷರ ದುಂಡಗೆ ಮಾಡಿ ಬರೆದರು. ರಾತ್ರಿ ಹೊತ್ತು ದೆವ್ವವೊಂದು ಬಂದು ಕದ ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಮುಗಿಯಿತು ಎಂಬ ಗುಲ್ಲು ಹಬ್ಬಿತ್ತು. ಬರಹ ಓದಿದ ದೆವ್ವ ಹಿಂದಿರುಗುತ್ತದೆ; ಮರುದಿನ ಬಂದಾಗಲೂ ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. ಓದು ಬಲ್ಲ, ದಿನದ ಲೆಕ್ಕ ಬಾರದ ದೆವ್ವ! ಮೇಷ್ಟರಾಗಿದ್ದ ನಾನು ತರಗತಿಯಲ್ಲಿ ಇದನ್ನು ಹೇಳಿ ಹುಡುಗರೊಡನೆ ನಕ್ಕಿದ್ದೆ. ಮನೆಗೆ ಬಂದು ನೋಡಿದರೆ ನಮ್ಮ ಬಾಗಿಲ ಮೇಲೂ ಅದೇ ಬರಹ, ನನ್ನ ತಾಯಿಯ ಕೈಬರಹ.

ಆ ಬರಹ ಬಾಗಿಲುಗಳಿಂದ ಎಂದೋ ಅಳಿಸಿಹೋಗಿದೆ. ಆದರೆ ಅದು ನಿಜವಾಗಿ ಹೋಯಿತೇ? ಕೈಯಲ್ಲಿನ ಫೋನು, ಮೇಜಿನ ಮೇಲಿನ ಲ್ಯಾಪ್‌ಟಾಪು, ಗೋಡೆಯ ಟೀವಿ ಆಗಾಗ ನಮ್ಮನ್ನು ವಿನಯದಿಂದ ಕೇಳುತ್ತವೆ: ಸುರಕ್ಷತೆಯ ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಿಕೊಳ್ಳುವಿರಾ? ನಾವು ‘ನಾಳೆ ನೆನಪಿಸು’ ಎಂಬುದನ್ನು ಒತ್ತುತ್ತೇವೆ. ಮರುದಿನವೂ ಅದನ್ನೇ ಒತ್ತುತ್ತೇವೆ. ಅಂದು ಬಾಗಿಲಲ್ಲಿ ನಿಂತದ್ದು ದೆವ್ವ, ಇಂದು ನಿಂತಿರುವುದು ಬೀಗ ರಿಪೇರಿಯವನು. ದೆವ್ವಕ್ಕೆ ಹೇಳಬೇಕಾದ ಮಾತನ್ನು ಕಾವಲಿಗೆ ಬಂದವನಿಗೆ ಹೇಳುವುದನ್ನು ನಾವು ಯಾವಾಗ ಕಲಿತೆವು?

ನಾನು ಹುಟ್ಟಿ ಬೆಳೆದದ್ದು ತೊಟ್ಟಿಮನೆಯಲ್ಲಿ. ಜಗುಲಿ, ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ, ಹಿಂದೆ ಹಿತ್ತಿಲು. ಬಳೆಗಾರ ಬಂದರೆ ಜಗುಲಿಯಲ್ಲಿ ಮಲಾರ ಬಿಚ್ಚುತ್ತಿದ್ದ. ಶಾನುಭೋಗರು ಪಡಸಾಲೆಯ ಚಾಪೆಯವರೆಗೆ, ನೆಂಟರು ನಡುಮನೆಯವರೆಗೆ. ಯಾರು ಎಲ್ಲಿಯವರೆಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೊಸ್ತಿಲುಗಳೇ ಹೇಳುತ್ತಿದ್ದವು. ಆ ಹೊಸ್ತಿಲುಗಳಲ್ಲಿ ಜಾತಿಯ ಅಳತೆಗೋಲೂ ಸೇರಿಕೊಂಡಿತ್ತು. ನೆನೆದರೆ ಈಗಲೂ ತಲೆ ತಗ್ಗುತ್ತದೆ. ಮನುಷ್ಯರನ್ನು ಹಾಗೆ ಅಳೆದದ್ದು ತಪ್ಪು. ಆದರೆ ಮನೆಗೆ ಬರುವ ವಸ್ತುಗಳನ್ನು ಅಳೆಯುವುದು ತಪ್ಪೇ? ಹೊಸ ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳದೆ ಒಲೆಗೇರಿಸದ ನಮ್ಮ ಹಿರಿಯರು, ಮಾತು ಕೇಳಿಸಿಕೊಳ್ಳುವ, ಕಣ್ಣು ಬಿಟ್ಟು ನೋಡುವ ಯಂತ್ರವೊಂದು ಮನೆಗೆ ಬಂದಿದ್ದರೆ ಅದನ್ನು ಎಲ್ಲಿ ಕೂರಿಸುತ್ತಿದ್ದರು?

ಇಂದಿನ ಮನೆಗೆ ಹೊಸ್ತಿಲು ಒಂದೇ. ನಮ್ಮ ಮನೆಯಲ್ಲಿ ಅದು ಟೀವಿಯ ಮೇಲಿನ ಹಲಗೆಯಲ್ಲಿ ಕೂತು ಹಸಿರು ದೀಪ ಮಿಟುಕಿಸುತ್ತದೆ. ರೌಟರ್ ಎಂದು ಅದರ ಹೆಸರು. ನನ್ನಾಕೆ ‘ವೈಫೈ ಡಬ್ಬಿ’ ಎನ್ನುತ್ತಾಳೆ. ಒಂದು ಸಂಜೆ ಕೂತು ಎಣಿಸಿದೆ. ಆ ಡಬ್ಬಿಯ ಮೂಲಕ ಹೊರಲೋಕಕ್ಕೆ ಹೋಗಿಬರುವ ವಸ್ತುಗಳು ಹದಿನಾಲ್ಕು: ಫೋನುಗಳು, ಲ್ಯಾಪ್‌ಟಾಪು, ಟೀವಿ, ಕರೆದರೆ ಹಾಡುವ ಪೆಟ್ಟಿಗೆ, ಬಣ್ಣ ಬದಲಿಸುವ ಬಲ್ಬು, ಎರಡು ಕ್ಯಾಮೆರಾ, ಮೊಮ್ಮಗ ಬಿಟ್ಟುಹೋದ ಆಟದ ಸಾಮಾನು. ಮನೆಯಲ್ಲಿರುವ ಮನುಷ್ಯರು ಇಬ್ಬರು. ಈ ಹದಿನಾಲ್ಕೂ ಒಂದೇ ನಡುಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತಿವೆ. ನಮ್ಮ ಪಿಂಚಣಿಯ ಲೆಕ್ಕವಿರುವ ಲ್ಯಾಪ್‌ಟಾಪಿನ ಮಗ್ಗುಲಿಗೇ, ಎಲ್ಲಿಯೋ ತಯಾರಾಗಿ ಬಂದ ಅಗ್ಗದ ಬಲ್ಬು. ಉತ್ತರ ಅಮೆರಿಕದ ಜೂಜುಮನೆಯೊಂದಕ್ಕೆ ಕನ್ನ ಹಾಕಿದವರು ಒಳಹೊಕ್ಕದ್ದು ಅಲ್ಲಿನ ಮೀನಿನ ತೊಟ್ಟಿಯ ತಾಪಮಾಪಕದ ಮೂಲಕ ಎಂಬ ಸಂಗತಿ 2017ರಲ್ಲಿ ಹೊರಬಿತ್ತು. ಖಜಾನೆಗೆ ಕಾವಲಿತ್ತು, ಮೀನಿಗೆ ಯಾರು ಕಾವಲಿಡುತ್ತಾರೆ? ಹೀಗಾಗಿಯೇ ಬಲ್ಲವರು ಬಲ್ಬು, ಕ್ಯಾಮೆರಾ, ಆಟದ ಸಾಮಾನುಗಳಿಗೆ ಬೇರೆಯದೇ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ ಎನ್ನುತ್ತಾರೆ. ಬಹುಪಾಲು ಹೊಸ ರೌಟರುಗಳಲ್ಲಿ ಆ ಸೌಕರ್ಯ ಇದ್ದೇ ಇದೆ. ಕೇಳಿದಾಗ ನನಗೆ ನಗು ಬಂತು. ಇದು ನಮ್ಮ ಜಗುಲಿಯಲ್ಲವೇ? ನಾವೇ ಒಡೆದು ಹಾಕಿದ್ದ ಜಗುಲಿಯನ್ನು ಯಂತ್ರ ನಮಗೆ ಮರಳಿ ಕಟ್ಟಿಕೊಡುತ್ತಿದೆ.

ಆ ಎರಡು ಕ್ಯಾಮೆರಾಗಳ ವಿಷಯಕ್ಕೆ ಬರಬೇಕು. ಹಾಕಿಸಿದವನು ದೂರದೇಶದಲ್ಲಿರುವ ಮಗ. ಎರಡು ವರ್ಷದ ಹಿಂದೆ ಬಚ್ಚಲಿನ ಬಳಿ ಅವನ ತಾಯಿ ಜಾರಿ ಬಿದ್ದಳು. ಅದಾದ ಮೇಲೆ ಅವನಿಗೆ ನಿದ್ದೆ ಇಲ್ಲ. ಅಲ್ಲಿ ರಾತ್ರಿಯಾದಾಗ ಇಲ್ಲಿ ನಾವು ಎದ್ದು ಕಾಫಿ ಕಾಸುವುದನ್ನು ನೋಡಿ ಮಲಗುತ್ತಾನೆ. ಮೈಸೂರು, ಧಾರವಾಡ, ಶಿವಮೊಗ್ಗಗಳ ಎಷ್ಟು ಮನೆಗಳಲ್ಲಿ ಇಂಥ ಕಣ್ಣುಗಳಿಲ್ಲ? ಇವು ಪಹರೆಯ ಕಣ್ಣುಗಳಲ್ಲ, ಅಕ್ಕರೆಯ ಕಣ್ಣುಗಳು. ಆದರೆ ಅಕ್ಕರೆಯ ಕಣ್ಣಿಗೆ ರೆಪ್ಪೆ ಇದೆಯೇ ಎಂದು ನಾವು ಕೇಳಿಕೊಂಡಿದ್ದೇವೆಯೇ? 2014ರಲ್ಲಿ ಜಾಲತಾಣವೊಂದು ಜಗತ್ತಿನ ಹಲವು ದೇಶಗಳ ಸಾವಿರಾರು ಮನೆ, ಅಂಗಡಿ, ಕಚೇರಿಗಳ ಕ್ಯಾಮೆರಾ ಚಿತ್ರಗಳನ್ನು ಬೀದಿಯ ನಾಟಕದಂತೆ ಎಲ್ಲರಿಗೂ ತೋರಿಸಿತು. ತೊಟ್ಟಿಲಲ್ಲಿ ಮಲಗಿದ ಕೂಸುಗಳೂ ಅದರಲ್ಲಿದ್ದವು. ಯಾವ ಬೀಗವನ್ನೂ ಅದು ಮುರಿದಿರಲಿಲ್ಲ. ಕಾರ್ಖಾನೆಯವರು ಇಟ್ಟುಕೊಟ್ಟ ಪಾಸ್‌ವರ್ಡನ್ನು ಆ ಮನೆಗಳವರು ಬದಲಿಸಿರಲಿಲ್ಲ, ಅಷ್ಟೇ.

ಬದಲಿಸಿದವರಾದರೂ ಏನು ಇಡುತ್ತೇವೆ? ಮಗಳ ಹೆಸರು, ಮೊಮ್ಮಗನ ಹುಟ್ಟಿದ ದಿನ, ಮನೆದೇವರು, ಮದುವೆಯಾದ ವರ್ಷ. ಪಾಸ್‌ವರ್ಡ್ ಎಂಬುದು ನಮಗೆ ಗೊತ್ತಿಲ್ಲದೆಯೇ ನಾವು ಬರೆದುಕೊಟ್ಟ ಪ್ರೇಮಪತ್ರ. ಯಾರನ್ನು ಪ್ರೀತಿಸುತ್ತೇವೋ ಅವರೇ ನಮ್ಮ ಗುಟ್ಟು. ತಮಾಷೆಯೆಂದರೆ, ಯಾರನ್ನು ಪ್ರೀತಿಸುತ್ತೇವೋ ಅವರನ್ನು ಕುರಿತೇ ನಾವು ಊರೆಲ್ಲ ಸಾರುತ್ತೇವೆ. ಮೊಮ್ಮಗನ ನಾಮಕರಣದ ಫೋಟೋ, ಹೆಸರು ಬರೆದ ಕೇಕು, ತಾರೀಖು ಎಲ್ಲವನ್ನೂ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಹಂಚಿ, ಅದೇ ಹೆಸರನ್ನು ಬೀಗಕ್ಕೂ ಇಡುತ್ತೇವೆ. ಕಳ್ಳನಿಗೆ ಗಣಿತ ಬೇಕಿಲ್ಲ. ನಮ್ಮ ಮನಸ್ಸು ಎಲ್ಲಿ ಅಂಟಿದೆ ಎಂದು ತಿಳಿದರೆ ಸಾಕು. ಹಾಗಾದರೆ ಒಳ್ಳೆಯ ಬೀಗ ಎಂದರೆ ನಮ್ಮ ಯಾವ ಮೋಹದ ಸುಳಿವೂ ಇಲ್ಲದ ಮಾತು. ಸಂಸಾರಿಗಳಾದ ನಮಗೆ ಅದು ಅಷ್ಟು ಸುಲಭವೇ?

ಈ ವಿಚಾರ ಎತ್ತಿದಾಗೆಲ್ಲ ನನ್ನ ವಯಸ್ಸಿನವರು ಹೇಳುವ ಒಂದು ಮಾತಿದೆ: ‘ನಮ್ಮನೇಲಿ ಕದಿಯೋಕೆ ಏನಿದೆ ಸ್ವಾಮಿ?’ ಕೇಳಲು ವಿನಯದಂತಿದೆ, ವೈರಾಗ್ಯದಂತೆಯೂ ಇದೆ. ಬಹಳ ದಿನ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಹೇಳಲಾರೆ. ಕಳ್ಳ ನಮ್ಮ ಮನೆಯಿಂದ ಕದಿಯಲು ಬರುತ್ತಾನೆ ಎಂದೇ ಯಾಕೆ ಎಣಿಸಬೇಕು? ನಮ್ಮ ಮನೆಯನ್ನೇ ಎರವಲು ಪಡೆದು ಮತ್ತೊಬ್ಬರ ಮನೆಗೆ ಕಲ್ಲೆಸೆಯಲು ಬಂದಿರಬಾರದೇ?

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ತಾಣಗಳು ಗಂಟೆಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ತಾಣದ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಬಾಗಿಲಿಗೆ ಯಂತ್ರಗಳ ದಂಡೊಂದು ಮುಗಿಬಿದ್ದಿತ್ತು. ಯಾರ ದಂಡು? ಶತ್ರುರಾಜ್ಯದ್ದಲ್ಲ. ಸಾಮಾನ್ಯ ಮನೆಗಳ ಕ್ಯಾಮೆರಾಗಳು, ರೆಕಾರ್ಡರುಗಳು, ರೌಟರುಗಳು. ಅವುಗಳೊಳಗೆ ಹೊಕ್ಕು ಕೂತಿದ್ದ ಕ್ರಿಮಿಯ ಹೆಸರು ಮಿರಾಯ್. ಜಪಾನಿ ಭಾಷೆಯಲ್ಲಿ ‘ಭವಿಷ್ಯ’ ಎಂದರ್ಥ. ಅದನ್ನು ಮೊದಲು ಹೆಣೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಹುಡುಗರು. ಮೈನ್‌ಕ್ರಾಫ್ಟ್ ಎಂಬ ಆಟದ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳನ್ನು ಕೆಡವಲು ಶುರುವಾದ ಕಿತಾಪತಿ ಅದು. ಆಮೇಲೆ ಅದರ ಒಳಗುಟ್ಟನ್ನು ಅವರೇ ಬಯಲಿಗೆ ಚೆಲ್ಲಿದರು. ಸಿಕ್ಕವರು ಎತ್ತಿಕೊಂಡು ಬಳಸಿದರು. ಆ ಕ್ರಿಮಿಯ ಬತ್ತಳಿಕೆಯಲ್ಲಿ ಮಾಯಾಸ್ತ್ರವೇನೂ ಇರಲಿಲ್ಲ. ಕಾರ್ಖಾನೆಗಳು ಇಟ್ಟುಕಳಿಸುವ ಹೆಸರು ಮತ್ತು ಪಾಸ್‌ವರ್ಡಿನ ಅರವತ್ತು ಚಿಲ್ಲರೆ ಜೋಡಿಗಳಿದ್ದವು. ‘ಅಡ್ಮಿನ್’ ಎಂಬ ಹೆಸರಿಗೆ ‘ಅಡ್ಮಿನ್’ ಎಂಬುದೇ ಗುಟ್ಟು; ಇಂಥವು. ಲೋಕದ ಮನೆಗಳ ಕದವನ್ನು ಒಂದೊಂದಾಗಿ ತಟ್ಟುತ್ತ ಅರವತ್ತು ಬೀಗದ ಕೈಗಳ ಆ ಗೊಂಚಲನ್ನು ಪ್ರಯತ್ನಿಸುವುದಷ್ಟೇ ಅದರ ಕೆಲಸ. ಲಕ್ಷಾಂತರ ಬಾಗಿಲು ತೆರೆದವು.

ಆ ಕ್ಯಾಮೆರಾಗಳ ಯಜಮಾನರಿಗೆ ಏನಾಯಿತು? ಏನೂ ಆಗಲಿಲ್ಲ. ಚಿನ್ನ ಹೋಗಲಿಲ್ಲ, ದುಡ್ಡು ಹೋಗಲಿಲ್ಲ. ಚಿತ್ರ ಎಂದಿನಂತೆ ಬರುತ್ತಿತ್ತು. ಅವರು ಉಂಡು ಮಲಗಿದ್ದಾಗ ಅವರ ಮನೆ ಎದ್ದು ಹೋಗಿ ಪರರ ಮೇಲೆ ದಾಳಿ ಮಾಡಿ ಬಂದಿತ್ತು. ಬೆಳಗ್ಗೆ ಎದ್ದವರಿಗೆ ಅಂಗಳದ ರಂಗೋಲಿಯೂ ಕದಡಿರಲಿಲ್ಲ. ತಿಳಿಯದೆ ನಡೆದದ್ದಕ್ಕೆ ನಾವು ಹೊಣೆಯೇ? ಗೊತ್ತಿಲ್ಲದೆ ಮಾಡಿದ ತಪ್ಪು ತಪ್ಪಲ್ಲ ಎನ್ನುವುದು ಮಕ್ಕಳಿಗೆ ಹೇಳುವ ಸಮಾಧಾನ. ತಿಳಿದುಕೊಳ್ಳಬಹುದಾಗಿತ್ತು, ತಿಳಿದುಕೊಳ್ಳಲಿಲ್ಲ ಎಂದಾದಾಗಲೂ ಆ ಸಮಾಧಾನ ನಿಲ್ಲುತ್ತದೆಯೇ? ಆ ಕ್ರಿಮಿಯ ಇನ್ನೊಂದು ಗುಣ ನನ್ನನ್ನು ಕಾಡುತ್ತದೆ. ಯಂತ್ರದ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಅದು ಅಳಿಸಿಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬಂದು ಸೇರುತ್ತಿತ್ತು. ಪುಷ್ಕರಣಿಯಲ್ಲಿ ಮಿಂದು ಮೆಟ್ಟಿಲು ಹತ್ತುವಷ್ಟರಲ್ಲಿ ಹಳೆಯ ಸಿಟ್ಟು ಮೈಗೆ ಬಂದು ಸೇರುವ ನಮ್ಮ ಕತೆಯೇ ಅಲ್ಲವೇ ಇದು?

ಮಿರಾಯ್ ಹೆಣೆದ ಆ ಮೂವರು 2017ರಲ್ಲಿ ತಪ್ಪೊಪ್ಪಿಕೊಂಡರು. ಪೊಲೀಸರಿಗೆ ನೆರವಾದರೆಂದು ಆ ಪ್ರಕರಣದಲ್ಲಿ ಜೈಲಾಗಲಿಲ್ಲ, ಸಮಾಜಸೇವೆಯ ಶಿಕ್ಷೆಯಾಯಿತು. ಅವರಲ್ಲೊಬ್ಬನಿಗೆ ತಾನು ಓದಿದ ವಿಶ್ವವಿದ್ಯಾಲಯದ ಜಾಲವನ್ನು ಕೆಡಿಸಿದ್ದಕ್ಕಾಗಿ ಆರು ತಿಂಗಳ ಗೃಹಬಂಧನವೂ ಆಯಿತು. ಕಂಡವರ ಮನೆಗಳನ್ನು ಬೀದಿಗೆ ತಂದವನಿಗೆ ಸ್ವಂತ ಮನೆಯೇ ಸೆರೆಮನೆ.

ದೂರದ ಮಾತಾಯಿತು ಎನ್ನುವವರಿಗೆ ನಮ್ಮ ದೇಶದ್ದೇ ಇನ್ನೊಂದಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಹೊಣೆ ಹೊತ್ತುಕೊಂಡ ಇ-ಮೇಲ್ ಒಂದು ಹೊರಟಿತ್ತು. ಹೊರಟದ್ದು ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಯ ವೈಫೈನಿಂದ. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಯಾರೋ ಬಂದು, ಬಳಸಿ, ಹೋಗಿದ್ದರು. ಆ ಬಾಡಿಗೆದಾರರ ಕೈವಾಡವಿಲ್ಲವೆಂದು ಕೊನೆಗೆ ತಿಳಿಯಿತು. ಅದಕ್ಕೆ ಮೊದಲು ಆ ಸಂಸಾರ ಅನುಭವಿಸಿದ್ದನ್ನು ನಾವು ಊಹಿಸಿಕೊಳ್ಳಬಹುದು. ತೆರೆದ ಬಾಗಿಲು ಔದಾರ್ಯದ ಗುರುತು ಎಂದು ನಂಬಿ ಬೆಳೆದವರು ನಾವು. ಬಾಯಾರಿ ಬಂದವನಿಗೆ ಬೆಲ್ಲ ನೀರು ಕೊಡುವ ಜಗುಲಿ ನಮ್ಮದು. ಆದರೆ ಬಂದವನ ಮುಖ ಕಾಣುತ್ತಿತ್ತಲ್ಲ? ಮುಖ ಕಾಣದಲ್ಲಿ ಔದಾರ್ಯಕ್ಕೆ ಅದೇ ಅರ್ಥ ಉಳಿಯುತ್ತದೆಯೇ?

ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿಯನ್ನು ಬಗ್ಗಿ ನೋಡುತ್ತೇವೆ. ಒನಕೆಯ ಕತೆ ಎಲ್ಲರಿಗೂ ಗೊತ್ತು. ನನಗೆ ಆ ಕಿಂಡಿಯ ಮುಂಚಿನ ಕತೆಯ ಮೇಲೆ ಕುತೂಹಲ. ಏಳು ಸುತ್ತಿನ ಕೋಟೆಯಲ್ಲಿ ಅಂಥದೊಂದು ಸಂದು ಯಾಕೆ ಉಳಿಯಿತು? ಒಬ್ಬ ಹೆಂಗಸು ಆ ಸಂದಿನಿಂದ ಹಾದುಹೋಗುವುದನ್ನು ಕಂಡೇ ಹೈದರಾಲಿಯ ಸೈನಿಕರಿಗೆ ದಾರಿ ಹೊಳೆಯಿತು ಎನ್ನುತ್ತಾರೆ ಅಲ್ಲಿನವರು. ಎಂದರೆ ಅದು ಯಾರಿಗೋ ಅನುಕೂಲದ ಹಾದಿ. ಸುತ್ತು ಬಳಸಿ ಬರುವ ಶ್ರಮ ಉಳಿಸುತ್ತಿತ್ತು. ಶತ್ರು ಹೊಸ ದಾರಿ ಕೊರೆಯಲಿಲ್ಲ, ನಮ್ಮ ಅನುಕೂಲದಲ್ಲೇ ನಡೆದು ಬಂದ. ಮನೆಯ ಡಬ್ಬಿಗಳಲ್ಲೂ ಹಾಗೆಯೇ. ಪಾಸ್‌ವರ್ಡ್ ಬೆರಳಚ್ಚಿಸುವ ರಗಳೆ ಬೇಡವೆಂದು ಡಬ್ಲ್ಯೂಪಿಎಸ್ ಎಂಬ ಸೌಕರ್ಯ ಕೊಟ್ಟರು. ಎಂಟು ಅಂಕೆಯ ಸಂಖ್ಯೆಯೊಂದು ಅದರ ಕೀಲಿ. ಎಂಟು ಅಂಕೆಯೆಂದರೆ ಹತ್ತು ಕೋಟಿ ಸಾಧ್ಯತೆ, ಯಾರು ಊಹಿಸಿಯಾರು ಎಂದುಕೊಂಡಿದ್ದೆವು. ಆದರೆ ಯಂತ್ರ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕೆ ಉಳಿದವುಗಳಿಂದಲೇ ತಿಳಿಯುತ್ತದೆ, ಆದ್ದರಿಂದ ಹೆಚ್ಚೆಂದರೆ ಹನ್ನೊಂದು ಸಾವಿರ ಸಲ ತಟ್ಟಿದರೆ ಸಾಕು ಎಂದು 2011ರಲ್ಲಿ ಬಯಲಾಯಿತು. ಮನುಷ್ಯನಿಗೆ ಹನ್ನೊಂದು ಸಾವಿರ ದೊಡ್ಡದು. ಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ. ದೂರದಿಂದ ರೌಟರನ್ನು ನಿಭಾಯಿಸುವ ಸೌಕರ್ಯವೂ ಇಂಥದೇ ಒಂದು ಸಂದು. ಒಂದೊಂದು ಕಿಂಡಿಯ ಹಿಂದೆಯೂ ಯಾರದೋ ಸೋಮಾರಿತನವಿರುತ್ತದೆ ಎಂದರೆ ಕಠಿಣವಾದೀತು, ಅನುಕೂಲ ಎನ್ನೋಣ. ಸೋಮಾರಿತನಕ್ಕೆ ನಾವೇ ಇಟ್ಟುಕೊಂಡ ಗೌರವದ ಹೆಸರು ಅದು.

ತಪ್ಪೆಲ್ಲ ನಮ್ಮದೇ ಅಲ್ಲ, ಅದನ್ನೂ ಹೇಳಬೇಕು. ಕ್ಯಾಮೆರಾ ಕೂರಿಸಲು ಬಂದ ಹುಡುಗ ಏಣಿಯ ಮೇಲಿಂದಲೇ ಹೇಳಿದ: ‘ಸಾರ್, ಪಾಸ್‌ವರ್ಡ್ ನಾವು ಎಲ್ಲಾ ಮನೇಗೂ ಒಂದೇ ಇಡ್ತೀವಿ. ನೀವು ಮರೆತ್ರೂ ನಮಗೆ ನೆನಪಿರುತ್ತೆ.’ ಎಂಥ ಭರವಸೆ! ಇಡೀ ಬೀದಿಗೆ ಒಂದೇ ಬೀಗದ ಕೈ. ತಯಾರಕರೂ ಅಷ್ಟೇ: ಮಾರುವವರೆಗೆ ಅತಿಥಿ ಸತ್ಕಾರ, ಮಾರಿದ ಮೇಲೆ ಗುರುತೇ ಇಲ್ಲ. ನಾಲ್ಕೈದು ವರ್ಷವಾದರೆ ಅಪ್‌ಡೇಟ್ ನಿಲ್ಲಿಸುತ್ತಾರೆ. ಡಬ್ಬಿಯ ದೀಪ ಮಾತ್ರ ಮೊದಲಿನಂತೆಯೇ ಮಿಟುಕುತ್ತಿರುತ್ತದೆ, ಕಾವಲುಗಾರ ಊರು ಬಿಟ್ಟ ಮೇಲೂ ಗೇಟಿನಲ್ಲಿ ನೇತಾಡುವ ಅವನ ಟೋಪಿಯಂತೆ. ಲೋಕ ತಡವಾಗಿ ಎಚ್ಚೆತ್ತಿದೆ. ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರಕೂಡದೆಂದು ಕ್ಯಾಲಿಫೋರ್ನಿಯಾ 2020ರಿಂದ, ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನು ಮಾಡಿಕೊಂಡಿವೆ. ನಮ್ಮಲ್ಲೂ ಸಿಸಿ ಕ್ಯಾಮೆರಾಗಳು ಭದ್ರತೆಯ ಪರೀಕ್ಷೆ ಹಾಯಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಬಂದಿದೆ. ಒಳ್ಳೆಯದೇ. ಆದರೆ ಈಗಾಗಲೇ ಗೋಡೆಗೆ ಮೊಳೆ ಹೊಡೆದು ಕೂರಿಸಿಕೊಂಡವುಗಳಿಗೆ ಯಾವ ಕಾನೂನು ಬಂದು ಪಾಸ್‌ವರ್ಡ್ ಬದಲಿಸಿಕೊಡುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರರ ಆಸುಪಾಸು. ಆ ವಯಸ್ಸಿನಲ್ಲಿ ಬಹುಪಾಲು ಜನ ‘ಇನ್ನು ನನ್ನದೇನಿದೆ’ ಎಂದು ಕೈಚೆಲ್ಲಿ ಕೂರುತ್ತಾರೆ. ಅವರು ತಮ್ಮದಾಗಿ ಉಳಿದದ್ದನ್ನು ಕಾಯಲು ಕೋರ್ಟಿನ ಮೆಟ್ಟಿಲು ಹತ್ತಿದರು. ಅವರನ್ನು ನೆನೆದಾಗ ನನಗೊಂದು ಮುಜುಗರ. ಪ್ರಭುತ್ವದ ಕಣ್ಣಿನಿಂದ ನಮ್ಮನ್ನು ಕಾಪಾಡಲು ಅವರು ಅಷ್ಟು ದೂರ ಹೋದರು. ನಮ್ಮ ಅಸಡ್ಡೆಯಿಂದ ನಮ್ಮನ್ನು ಕಾಪಾಡಿಕೊಳ್ಳಲು ನಾವು ಟೀವಿಯ ಹಲಗೆಯವರೆಗೆ ಹೋಗಲಾರೆವೇ?

ಹೋದೆವು. ಕಳೆದ ರಜೆಯಲ್ಲಿ ತಂಗಿಯ ಮೊಮ್ಮಗಳು ಬಂದಿದ್ದಳು. ಅವಳೂ ನಾನೂ ಒಂದು ಭಾನುವಾರ ಸಂಜೆ ಕೂತೆವು. ಡಬ್ಬಿಯ ಯಜಮಾನಿಕೆಯ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ ಎಂಬುದೇ ನನಗೆ ಹೊಸ ಸಂಗತಿ. ತಲೆಬಾಗಿಲ ಕೈಯನ್ನು ಬದಲಿಸಿ ತಿಜೋರಿಯ ಕೈಯನ್ನು ಬೀಗದಲ್ಲೇ ಬಿಟ್ಟಿದ್ದೆ. ಎರಡನ್ನೂ ಬದಲಿಸಿದೆವು, ಕಿಂಡಿಗಳನ್ನು ಮುಚ್ಚಿದೆವು, ಜಗುಲಿಯೊಂದನ್ನು ಕಟ್ಟಿ ಬಲ್ಬು, ಕ್ಯಾಮೆರಾಗಳನ್ನು ಅಲ್ಲಿ ಕೂರಿಸಿದೆವು. ಹೊಸ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಹುಡುಕಬೇಕಿತ್ತು. ನಲವತ್ತು ವರ್ಷ ಕನ್ನಡ ಕಲಿಸಿದವನಿಗೆ ಇದು ಬಹು ಕಷ್ಟದ ಪರೀಕ್ಷೆಯಾಯಿತು. ಯಾವ ಎರಡು ಪದ ತಂದಿಟ್ಟರೂ ಅವು ಪರಸ್ಪರ ನೆಂಟಸ್ತನ ಹುಡುಕಿಕೊಳ್ಳುತ್ತಿದ್ದವು. ಕೊನೆಗೆ ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟೆವು.

ಆ ಐದು ಪದಗಳನ್ನು ನನ್ನಾಕೆ ಒಂದು ನೋಟುಪುಸ್ತಕದಲ್ಲಿ ಬರೆದು ಬೀರುವಿನಲ್ಲಿ, ಪಡಿತರ ಚೀಟಿಯ ಕೆಳಗೆ ಇಟ್ಟಿದ್ದಾಳೆ. ಬರೆದಿಡಬಾರದು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಸಮುದ್ರದಾಚೆ ಕೂತು ಕನ್ನ ಹಾಕುವವನಿಗೆ ನಮ್ಮ ಬೀರು ಎಟುಕದು; ನಮ್ಮ ಬೀರುವಿಗೆ ಕೈಹಾಕುವ ಕಳ್ಳನಿಗೆ ವೈಫೈ ಬೇಕಿಲ್ಲ. ಪ್ಯಾರಿಸ್ಸಿನಲ್ಲಿದ್ದ ಕೆರ್ಕಾಫ್ಸ್ ಎಂಬಾತ, ಆತನೂ ಭಾಷೆ ಕಲಿಸುತ್ತಿದ್ದ ಮೇಷ್ಟರೇ, 1883ರಲ್ಲಿ ಒಂದು ತತ್ವ ಬರೆದ. ಬೀಗದ ರಚನೆ ಶತ್ರುವಿಗೆ ತಿಳಿದಿದ್ದರೂ ಪರವಾಗಿಲ್ಲ, ಗುಟ್ಟಾಗಿರಬೇಕಾದ್ದು ಬೀಗದ ಕೈ ಮಾತ್ರ ಎಂಬುದು ಅದರ ತಿರುಳು. ಸೇನೆಯ ಸಂಕೇತಲಿಪಿಗಳಿಗಾಗಿ ಹೇಳಿದ ಮಾತು. ಇಡೀ ಬದುಕನ್ನೇ ಗುಟ್ಟು ಮಾಡಿಕೊಂಡು ಕೂರಬೇಕಿಲ್ಲ. ಬಚ್ಚಿಡಬೇಕಾದ್ದು ಒಂದು ಹಿಡಿಯಷ್ಟೇ ಎಂಬ ಬಿಡುಗಡೆ ನನಗೆ ಅದರಲ್ಲಿ ಕಂಡಿತು.

ಕೊನೆಯ ಕೆಲಸವೆಂದು ಅಪ್‌ಡೇಟ್ ಒತ್ತಿದೆವು. ಡಬ್ಬಿ ತನ್ನ ಹಸಿರು ದೀಪ ಆರಿಸಿ, ಕೆಂಪು ತೋರಿಸಿ, ಸುಮ್ಮನಾಯಿತು. ಹಾಡು ನಿಂತಿತು, ಕ್ಯಾಮೆರಾಗಳ ಕಣ್ಣು ಮುಚ್ಚಿತು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ನಾವು ಮೂವರೇ ಇದ್ದೆವು. ಐದು ನಿಮಿಷ ಕಳೆದಿರಲಿಲ್ಲ, ಫೋನು ಬಡಿದುಕೊಂಡಿತು.

‘ಅಪ್ಪಾ, ಕ್ಯಾಮೆರಾ ಯಾಕೆ ಕಾಣ್ತಿಲ್ಲ? ಅಮ್ಮ ಹುಷಾರಾಗಿದಾಳಾ?’

ವಿಷಯ ಹೇಳಿದೆ. ಅವನು ನಿಟ್ಟುಸಿರು ಬಿಟ್ಟು, ‘ಸರಿ, ಹಾಗಾದ್ರೆ ಹೊಸ ಪಾಸ್‌ವರ್ಡ್ ಹೇಳಿ’ ಎಂದ. ನಾನು ಬೀರುವಿನತ್ತ ಎರಡು ಹೆಜ್ಜೆ ಇಟ್ಟು ನಿಂತೆ. ದನಿ ಮಗನದೇ. ಆದರೆ ದನಿಯನ್ನು ಯಂತ್ರಗಳು ಹಾಗೆಯೇ ಅನುಕರಿಸುವ ಕಾಲ ಇದು; ಪರದೆಯ ಮೇಲೆ ಮೂಡಿದ್ದ ಸಂಖ್ಯೆಯೂ ನಾನು ನೋಡಿದ್ದಲ್ಲ, ಆಫೀಸಿನದಿರಬೇಕು. ಮೂವತ್ತು ವರ್ಷದ ಹಿಂದೆ ಇದ್ದಿಲು ಹಿಡಿದು ಬಾಗಿಲ ಮುಂದೆ ನಿಂತಿದ್ದ ತಾಯಿ ನೆನಪಾದಳು.

‘ಪಾಸ್‌ವರ್ಡ್ ಹೇಳ್ತೀನಿ’ ಎಂದೆ. ‘ಮೊದಲು ನೀನು ಹೇಳು. ಚಿಕ್ಕಂದಿನಲ್ಲಿ ಅಜ್ಜಿ ನಿನ್ನ ಏನಂತ ಕರೀತಿದ್ಲು?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. ಆಮೇಲೆ, ಗಂಟಲು ಸರಿಮಾಡಿಕೊಂಡು, ಎಷ್ಟೋ ವರ್ಷಗಳಿಂದ ಯಾರೂ ಉಚ್ಚರಿಸಿರದ ಆ ಹೆಸರನ್ನು ಅವನು ಹೇಳಿದ. ಏನೆಂದು ಇಲ್ಲಿ ಬರೆಯುವುದಿಲ್ಲ.